ಅಳತೆ ಕಡ್ಡಿ

ಬಸರೀಕಟ್ಟೆಯ ಅಹ್ಮದ್‌ನ ಬಾಡಿಗೆ ಜೀಪಿನಲ್ಲಿ ಡೀಸೆಲ್ ತೋರಿಸುವ ಮುಳ್ಳು ಕೆಟ್ಟು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ, ಒದ್ದೆಯಾದಷ್ಟು ನೋಡಿ ಹೊರಡುತ್ತಿದ್ದ. ಸಂಜೆಯವರೆಗೆ ಮತ್ತೆ ನೋಡುವ ಅಭ್ಯಾಸವಿರಲಿಲ್ಲ.

ಊರಲ್ಲಿ ಡೀಸೆಲ್ ಕದ್ದು ಮಾರುತ್ತಿದ್ದ ಪ್ರದೀಪನಿಗೆ ಅದು ಗೊತ್ತಿತ್ತು. ಶುಕ್ರವಾರ ಮಧ್ಯಾಹ್ನ ಅಹ್ಮದ್ ನಮಾಜಿಗೆ ಹೋದರೆ ಅರ್ಧ ಗಂಟೆ ಜೀಪಿನ ಹತ್ತಿರ ಯಾರೂ ಇರುವುದಿಲ್ಲ. ಒಂದು ಮಾರು ಪೈಪು ಸಾಕು. ಒಂದು ತುದಿ ಟ್ಯಾಂಕಿಗೆ, ಇನ್ನೊಂದು ಬಾಯಿಗೆ. ಒಮ್ಮೆ ಎಳೆದು ಕೆಳಗಿನ ಕ್ಯಾನಿಗೆ ಬಿಟ್ಟರೆ ಉಳಿದದ್ದು ತಾನೇ ಇಳಿಯುತ್ತದೆ. ಜೀಪು ಸ್ಟಾರ್ಟ್ ಆಗುವಷ್ಟು ಉಳಿಸುವುದೇ ಅವನ ಜಾಣತನ. ಡೀಸೆಲ್ ಮುಗಿದರೂ ಎಲ್ಲೋ ದಾರಿಯಲ್ಲಿ ಮುಗಿಯುತ್ತದೆ, ಕದ್ದ ಜಾಗದಲ್ಲಿ ಯಾರಿಗೂ ಗೊತ್ತಾಗದು.

ಆ ಶುಕ್ರವಾರ ಕ್ಯಾನು ಸೀತಾರಾಮನ ಕಾಫಿ ತೋಟಕ್ಕೆ ಹೋಯಿತು. ಕಾಫಿ ಹೂವು ಅರಳಲೆಂದು ಗಿಡಗಳಿಗೆ ನೀರು ಹಾರಿಸುವ ವಾರ, ಪಂಪ್‌ಸೆಟ್ ನಿಲ್ಲುವಂತಿಲ್ಲ. ಬಂಕಿಗಿಂತ ಅಗ್ಗದ ಡೀಸೆಲ್ ಎಲ್ಲಿಂದ ಬಂತೆಂದು ಸೀತಾರಾಮ ಕೇಳಲಿಲ್ಲ. ಎಂದೂ ಕೇಳಿದವನಲ್ಲ.

ಮೂರು ಗಂಟೆಗೆ ಅದೇ ತೋಟದ ಕೂಲಿಯವರ ಸಾಲುಮನೆ ಲೈನಿನಲ್ಲಿ ಹೊನ್ನಕ್ಕನಿಗೆ ಹೆರಿಗೆ ನೋವು ಬಂತು. ಅಹ್ಮದ್ ಅವಳನ್ನು ಕೂರಿಸಿಕೊಂಡು ಹೊರಟ. ಕೊಪ್ಪದ ಆಸ್ಪತ್ರೆ ಇನ್ನೂ ದೂರವಿರುವಾಗ ತಿರುವಿನಲ್ಲಿ ಜೀಪು ಕೆಮ್ಮಿ ನಿಂತಿತು. ಬೇರೆ ಗಾಡಿ ಸಿಗಲು ಮುಕ್ಕಾಲು ಗಂಟೆಯಾಯಿತು. ಹೊನ್ನಕ್ಕ ಉಳಿದಳು. ಕೂಸು ಉಳಿಯಲಿಲ್ಲ.

ಆಮೇಲೆ ಆ ಜೀಪಿಗೆ ಯಾರೂ ಹತ್ತಲಿಲ್ಲ. ಖಾಲಿ ಟ್ಯಾಂಕಿಟ್ಟುಕೊಂಡು ಬಾಡಿಗೆಗೆ ಬಂದವನು ಎಂದರು. ಬೆಳಿಗ್ಗೆ ಅರ್ಧ ಕಡ್ಡಿ ಇತ್ತು ಎಂದು ಅಹ್ಮದ್ ಹೇಳಿದ್ದನ್ನು ಯಾರು ನಂಬಿದರು?

ಹತ್ತನೇ ದಿನ ಹೋಟೆಲಿನಲ್ಲಿ ಸೀತಾರಾಮ ಚಹಾ ಕುಡಿಯುತ್ತ, ಅಹ್ಮದ್‌ಗೆ ಕೇಳುವಂತೆಯೇ ಹೇಳಿದ.

"ಡೀಸೆಲ್ ಹಾಕ್ಸೋಕೆ ಗತಿ ಇಲ್ದವ್ರು ಜೀಪ್ ಯಾಕೆ ಇಟ್ಕೊಳ್ತಾರೋ ಮಾರಾಯ."

ಮೂಲೆಯಲ್ಲಿದ್ದ ಪ್ರದೀಪನ ಬಾಯಲ್ಲಿ ಚಹಾ ಡೀಸೆಲಿನಂತೆ ನಾರಿತು. ಎದ್ದು ನಿಂತ.

"ಅವತ್ತು ಡೀಸೆಲ್ ಎಳ್ದಿದ್ದು ನಾನು. ನಿಮ್ ಪಂಪ್‌ಸೆಟ್ಟಿಗೇ ಹಾಕಿದ್ದು, ಸೀತಾರಾಮಣ್ಣ."

"ನಾನೆಂತ ಕದ್ದು ತಗಂಡ್ ಬಾ ಅಂದಿದ್ನಾ?"

"ಅನ್ಲಿಲ್ಲ. ಎಲ್ಲಿಂದ ಅಂತ ಕೇಳ್ಲೂ ಇಲ್ಲ."

ಈ ಸಲ ಹೂವು ಚೆನ್ನಾಗಿ ಅರಳಿದೆ ಎಂದು ಸೀತಾರಾಮ ಪಕ್ಕದವನಿಗೆ ಹೇಳತೊಡಗಿದ.

ಅಹ್ಮದ್ ಹೊಡೆಯಲಿಲ್ಲ. ಪ್ರದೀಪನನ್ನು ಹೊರಗೆ ಕರೆದು, ಜೀಪಿನ ಸೀಟಿನಡಿಯಿಂದ ಕಡ್ಡಿ ತೆಗೆದು ಅವನ ಕೈಗೆ ಕೊಟ್ಟ.

"ಲೈನಿಗೆ ಹೋಗೋಷ್ಟು ಇದ್ಯಾ ನೋಡು. ಇದೇ ಮಾತನ್ನ ಹೊನ್ನಕ್ಕನ ಎದ್ರು ಹೇಳ್ಬೇಕು ನೀನು."

ಪ್ರದೀಪ ಕಡ್ಡಿ ಇಳಿಸಿ ಎತ್ತಿದ. ತುದಿ ಮಾತ್ರ ಒದ್ದೆಯಾಗಿತ್ತು. ಅಷ್ಟು ಸಾಕಿತ್ತು. ಮುಂದಿನ ಸೀಟಿಗೆ ಹತ್ತಿ ಕೂತ. ಹತ್ತು ದಿನದಲ್ಲಿ ಆ ಜೀಪು ಹತ್ತಿದವನು ಅವನೊಬ್ಬನೇ.