ಫ್ಯಾನಿನ ಪಕ್ಕದ ಪೆಟ್ಟಿಗೆ

ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಅವಳು ಡ್ರಿಲ್ಲಕ್ಕ. ಕುರಿಯ ಬೋಟಿ, ಲಿವರ್, ಗುಂಡಿಗೆ ಎಲ್ಲ ತೊಳೆದು ಪೆಟ್ಟಿಗೆಗೆ ತುಂಬಿ, ಕಲ್ಲಾಗುವಷ್ಟು ಹೆಪ್ಪುಗಟ್ಟಿಸಿ, ಹೊರದೇಶಕ್ಕೆ ಹಡಗು ಹತ್ತಿಸುವ ಜಾಗ ಅದು. ಲೋಡಿಗೆ ಮುಂಚೆ ಒಂದು ಪೆಟ್ಟಿಗೆ ಬಿಚ್ಚಿ, ಗಡ್ಡೆಯ ನಡುವಿಗೆ ಡ್ರಿಲ್ಲಿನಿಂದ ತೂತು ಕೊರೆದು, ಥರ್ಮಾಮೀಟರ್ ಇಳಿಸಿ, "ಹೂಂ, ಹೋಗಲಿ" ಅನ್ನುವುದು ಅವಳ ಕೆಲಸ. ಅವಳು ಊಹೂಂ ಅಂದರೆ ಮುಗೀತು, ಧಣಿಯೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಅದರ ಬಗ್ಗೆ ಅವಳಿಗೆ ಚೂರು ಜಂಬವೂ ಇತ್ತು. ಇರಲಿ ಬಿಡಿ, ಮಾಡೋ ಕೆಲಸದ ಮೇಲೆ ಜಂಬ ಇಲ್ಲದವರು ಯಾರಿದ್ದಾರೆ!

ಫ್ರೀಜರ್ ಕೋಣೆಯ ಮೇಸ್ತ್ರಿ ಅವಳ ಗಂಡನೇ. ಪರೀಕ್ಷೆಗೆ ಪೆಟ್ಟಿಗೆ ತಂದಿಡುತ್ತಿದ್ದವನೂ ಅವನೇ. "ನಿಂಗೆ ಥಂಡಿ ಆಗಿ ಬರಲ್ಲ, ಒಳಗೆ ಬರಬೇಡ ಮಾರಾಯ್ತಿ, ನಾನೇ ತರ್ತೀನಿ" ಅನ್ನುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಏನು ಅಕ್ಕರೆಯಪ್ಪಾ ಎಂದು ಜೊತೆಯ ಹೆಂಗಸರು ರೇಗಿಸಿದರೆ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಅವತ್ತು ಅವನು ಗೇಟಿನ ಹತ್ತಿರ ಕಂಟೇನರ್ ಡ್ರೈವರನ ಜೊತೆ ಜಗಳಕ್ಕೆ ನಿಂತಿದ್ದ. ಇತ್ತ ಧಣಿಗೆ ಗಡಿಬಿಡಿ. "ಹಡಗು ತಪ್ಪಿದ್ರೆ ನಾವೆಲ್ಲ ಗೋತಾ, ಬೇಗ ನೋಡಮ್ಮ!" ಸರಿ, ಗಂಡನಿಗೆ ಕಾಯದೆ ಅವಳೇ ದಪ್ಪ ಕೋಟು ಹಾಕಿಕೊಂಡು ಒಳಗೆ ಹೋದಳು.

ಪೆಟ್ಟಿಗೆಗಳ ನಡುವೆ ಗಾಳಿಯಾಡಲಿ ಎಂದು ಇಡಬೇಕಾದ ಮರದ ಪಟ್ಟಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡು ಸೂರಿನವರೆಗೆ ನಿಂತಿದ್ದವು. ಹೀಗಿದ್ದರೆ ನಡುವಿನವಕ್ಕೆ ಥಂಡಿ ತಾಗುವುದೇ ಇಲ್ಲ. ಹಮಾಲರಿಗೆ ಹೇಳಿ ನಟ್ಟನಡುವಿನದೊಂದನ್ನು ತೆಗೆಸಿ ಕೊರೆದಳು. ಮೇಲೆ ಕಲ್ಲೇ. ಆಮೇಲೆ ಡ್ರಿಲ್ಲು ಬೆಣ್ಣೆಗೆ ಇಳಿದ ಹಾಗೆ ಇಳಿದು, ತೂತಿನಿಂದ ಕೆಂಪು ನೀರು ಒಸರಿತು. ಹುಳಿ ವಾಸನೆ ಬೇರೆ.

ಅಷ್ಟರಲ್ಲಿ ಗಂಡ ಓಡಿ ಬಂದ. ತೂತು ನೋಡಿದವನೇ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದ.

"ಪಟ್ಟಿ ತೆಗೆದ್ರೆ ಜಾಸ್ತಿ ಪೆಟ್ಟಿಗೆ ಹಿಡಿಯುತ್ತೆ ಕಣೆ. ಇನ್ನೂ ತುಂಬು ಅಂತ ಧಣಿ ದಿನಾ ಪ್ರಾಣ ತಿಂತಿದ್ರು. ಮಿಕ್ಕಿದ್ದು ಹಡಗಲ್ಲಿ ಗಟ್ಟಿಯಾಗುತ್ತೆ ಅಂದ್ಕೊಂಡೆ."

"ಗಟ್ಟಿಯಾಗಿರೋದನ್ನ ಗಟ್ಟಿಯಾಗೇ ಇಡೋದಷ್ಟೇ ಹಡಗಿನ ಕೆಲಸ ಕಣ್ರೀ, ಹಸೀದನ್ನ ಗಟ್ಟಿ ಮಾಡಲ್ಲ! ಮತ್ತೆ ನೀವು ನಂಗೆ ತಂದುಕೊಡ್ತಿದ್ದ ಪೆಟ್ಟಿಗೆ ಎಲ್ಲ ಸರಿಯಾಗೇ ಇದ್ವಲ್ಲ?"

"ಥಂಡಿ ಗಾಳಿ ಊದೋ ಫ್ಯಾನಿನ ಪಕ್ಕದ್ದೇ ಆರಿಸಿ ತರ್ತಿದ್ದೆ" ಎಂದ ಅವನು, ನೆಲ ನೋಡುತ್ತಾ. "ನಿನ್ನ ಬಾಯಲ್ಲಿ ಸುಳ್ಳು ಹೇಳಿಸಬಾರದು ಅಂತ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕರೆಯಂತೆ ಅಕ್ಕರೆ! ಇಷ್ಟು ದಿನ ಹಿಗ್ಗಿದ್ದು ಇದಕ್ಕಾ? "ಹೋದ ಲೋಡು?" ಎಂದು ಕೇಳಿದಳು. "ಅದೂ ಹೀಗೇ" ಎಂದ ಅವನು.

ಆ ಲೋಡು ಇನ್ನೂ ಸಮುದ್ರದ ಮೇಲಿತ್ತು. ಇಳಿದರೆ ಯಾರದೋ ಒಲೆಯ ಮೇಲೆ ಬೇಯುತ್ತದೆ, ಯಾರದೋ ಮಕ್ಕಳು ತಿನ್ನುತ್ತವೆ. ಇವತ್ತಿನದನ್ನು ನಿಲ್ಲಿಸಿದರೆ ಹಡಗು ತಪ್ಪಬಹುದು, ಅಷ್ಟೇ. ಆದರೆ ಹೋದದ್ದರ ಮಾತೆತ್ತಿದರೆ ಗೇಟಿಗೆ ಬೀಗ ಬೀಳುತ್ತದೆ. ಆಚೆ ರಸ್ತೆಯ ಕಾರ್ಖಾನೆಗೆ ಒಂದೇ ಲೋಡು ವಾಪಸ್ ಬಂದು ಬಿದ್ದ ಬೀಗ ಇನ್ನೂ ತೆಗೆದಿಲ್ಲ. ಗಂಡ ಹೆಂಡತಿ ಇಬ್ಬರ ಅನ್ನವೂ ಈ ಗೇಟಿನೊಳಗೇ ಇತ್ತು.

"ಇವತ್ತಿಂದು ಬೇಕಾದ್ರೆ ನಿಲ್ಲಿಸು. ಹೋದದ್ದರ ಮಾತು ಎತ್ತಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದ ಗಂಡ.

ಧಣಿ ಬಾಗಿಲಿಗೆ ಬಂದರು. "ಏನಮ್ಮ, ಹೂಂ ತಾನೆ?"

"ಇಲ್ಲ ಧಣಿ. ಇದು ಹೋಗಬಾರದು. ನೀರಿನ ಮೇಲಿರೋದೂ ಇಳೀಬಾರದು. ಕೊಂಡವರಿಗೆ ಈಗಲೇ ಫೋನ್ ಮಾಡಿ."

ಧಣಿಯ ಮುಖ ಬಿಳಿಚಿಕೊಂಡಿತು. "ಅದನ್ನ ಹೂಂ ಅಂದಿದ್ದು ನೀನೇ ಅಲ್ವೇನಮ್ಮ! ಹಾಗಾದ್ರೆ ನಿಂಗೆ ಪೆಟ್ಟಿಗೆ ಆರಿಸಿ ಕೊಟ್ಟೋರು ಯಾರು?"

ನಾನೇ ಆರಿಸಿದೆ ಅನ್ನಬಹುದಿತ್ತು. ಬಾಯಿ ತುದಿಗೆ ಬಂದೂ ಇತ್ತು. ಆದರೆ ಹಾಗಂದರೆ, ಅದೆಷ್ಟು ಲೋಡು ಹೀಗೆ ಹೋಗಿದೆ ಎಂದು ಗಂಡನನ್ನು ಕೇಳುವವರೇ ಇರುವುದಿಲ್ಲ.

"ನಮ್ಮನೆಯವರು" ಎಂದಳು.