ದೊಡ್ಡವರು ಮೂವರು, ಮಗು ಒಂದು

ಎಡಗಡೆಯ ಜಡೆ ಮುಗಿದಿತ್ತು. ಮೈಥಿಲಿ ಬಲಗಡೆಯ ಕೂದಲನ್ನು ಮೂರು ಕಾಲು ಮಾಡಿ ಹೆಣೆಯಲು ಶುರುಮಾಡುವಷ್ಟರಲ್ಲಿ ಊಟದ ಮೇಜಿನ ಮೇಲಿದ್ದ ಟ್ಯಾಬ್ ಟಿಣ್ ಎಂದಿತು. ಮಗಳು ಸಮೀಕ್ಷಾ ಅತ್ತ ತಿರುಗಿದ ರಭಸಕ್ಕೆ ಒಂದು ಕಾಲು ಕೈಯಿಂದ ಜಾರಿತು.

"ಅಲ್ಲಾಡ್ಬೇಡ ಅಂದ್ನಲ್ಲ ಸಮಿ. ಸ್ಕೂಲಿಗೆ ಟೈಮಾಯ್ತು."

"ಅಮ್ಮಾ, ಅದು ಪ್ರಾಗ್‌ದು! ಪ್ಲೀಸ್, ನೋಡು. ಲಿಫ್ಟ್ ಇದ್ಯಂತಾ ನೋಡು."

ಲಿಫ್ಟಿನ ವಿಷಯ ಇವಳಿಗೇಕೆ ಎಂದುಕೊಳ್ಳುತ್ತ ಮೈಥಿಲಿ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಜಡೆ ಹಿಡಿದೇ ಟ್ಯಾಬನ್ನು ಹತ್ತಿರ ಎಳೆದುಕೊಂಡಳು.

ಮೂರು ವಾರದಿಂದ ಅವಳು ಮನೆ ಹುಡುಕುತ್ತಿದ್ದಳು. ಕುಕ್ಕರು ಕೂಗುವ ಮಧ್ಯೆ, ಬಟ್ಟೆ ಮಡಿಸುವ ಮಧ್ಯೆ, ನಾಲ್ಕು ದಿನದ ಪ್ರಾಗ್ ಪ್ರವಾಸಕ್ಕೆ ಕೈಗೆಟುಕುವ ಒಂದು ಜಾಗ. ಹೋಟೆಲಿನವರು ಮಗು ಇದ್ದರೆ ಎರಡು ರೂಮು ತೊಗೊಳ್ಳಿ ಎನ್ನುತ್ತಿದ್ದರು. ಒಂದು ಒಲೆ, ಒಂದು ಪಾತ್ರೆ ಇದ್ದರೆ ಅನ್ನ ಸಾರಾದರೂ ಆಗುತ್ತದೆ ಎಂದು ಅಪಾರ್ಟ್‌ಮೆಂಟ್ ನೋಡಿದರೆ ಬಾಡಿಗೆ ಎಟುಕುತ್ತಿರಲಿಲ್ಲ. ಅದರ ಮೇಲೆ ಆ ವೆಬ್‌ಸೈಟಿನ ಕಾಟ ಬೇರೆ. ಅವಳು 'ದೊಡ್ಡವರು ಇಬ್ಬರು, ಮಗು ಒಂದು' ಎಂದು ಹಾಕಿಟ್ಟರೆ, ಮತ್ತೆ ತೆರೆದಾಗ ದೊಡ್ಡವರು ಮೂವರಾಗಿರುತ್ತಿದ್ದರು. ಹೋದ ವರ್ಷದ ಬುಕಿಂಗನ್ನು ಅದು ನೆನಪಿಟ್ಟುಕೊಂಡಿದೆ ಎಂದು ಅವಳ ಲೆಕ್ಕ. "ಈ ಸೈಟು ಮರೆಯೋದೇ ಇಲ್ಲ ಕಣೋ" ಎಂದು ಗಂಡನಿಗೆ ಹೇಳಿಯೂ ಇದ್ದಳು. ಶ್ರೀಕರ ಎದ್ದು ಹೋಗಿದ್ದ.

ಹೋದ ವರ್ಷ ಏಪ್ರಿಲ್‌ನಲ್ಲಿ ಹೋಗಬೇಕಾಗಿದ್ದದ್ದು ನಾಲ್ವರು. ಶ್ರೀಕರನ ತಾಯಿ ರಾಜಮ್ಮನವರಿಗೆ ವೀಸಾ ಬಂದಿತ್ತು. ಗಂಟೆಗೊಮ್ಮೆ ಬೊಂಬೆಗಳು ಹೊರಬರುವ ಗಡಿಯಾರವೊಂದು ಪ್ರಾಗ್‌ನಲ್ಲಿದೆಯೆಂದು ಮೊಮ್ಮಗಳು ವೀಡಿಯೊದಲ್ಲಿ ತೋರಿಸಿದ್ದಳು. "ನಂ ಮನೆ ಪಟ್ಟದ ಗೊಂಬೆಗಳು ವರ್ಷಕ್ಕೊಂದ್ಸಲ ಹೊರಗ್ ಬರೋಕೇ ಗೊಣಗ್ತವೆ, ಇವು ಗಂಟೆಗೊಂದ್ಸಲ ಬರ್ತವಾ? ನೋಡ್ಲೇಬೇಕು ಬಿಡು" ಎಂದಿದ್ದರು ಅಜ್ಜಿ. ಆಮೇಲೆ ಕೊರೊನಾ ಬಂದು ಎಲ್ಲ ಮುಚ್ಚಿತು. ವಿಮಾನ ನಿಂತಿತು.

ಮೈಥಿಲಿ ಟ್ಯಾಬ್ ತೆರೆದಳು. ಅವಳು ದಿನವೂ ನೋಡಿ ಬಿಡುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಒಡತಿ ಬರೆದಿದ್ದಳು.

'ಪ್ರಿಯ ಸಮಿ, ಲಿಫ್ಟು ಎರಡನೆಯ ಮಹಡಿಯವರೆಗೆ ಇದೆ. ಆಮೇಲೆ ಎಂಟು ಮೆಟ್ಟಿಲು. ಅಜ್ಜಿಯನ್ನು ನಾನು ಕೈಹಿಡಿದು ಹತ್ತಿಸುತ್ತೇನೆ. ಅವರು ನಿಮಗಿಂತ ಮೊದಲೇ ಬಂದರೂ ಚಿಂತೆಯಿಲ್ಲ, ನಾನು ಕೆಳಗಿನ ಮನೆಯಲ್ಲೇ ಇರುತ್ತೇನೆ. ಅಜ್ಜಿಯ ಹಾಸಿಗೆಗೆ ದುಡ್ಡು ಬೇಡ. ನೀನು ಕೇಳಿದಷ್ಟೇ ಬಾಡಿಗೆಗೆ ಕೊಡುತ್ತೇನೆ. ಇನ್ನೊಬ್ಬರು ಕೇಳುತ್ತಿದ್ದಾರೆ, ಆದ್ದರಿಂದ ಹತ್ತು ಗಂಟೆಯೊಳಗೆ ಅಮ್ಮನಿಗೆ ತಿಳಿಸಲು ಹೇಳು. - ಅಲೆನಾ.'

ಮೈಥಿಲಿಯ ಕೈಯಿಂದ ಜಡೆ ಪೂರ್ತಿ ಬಿಚ್ಚಿಹೋಯಿತು. ಅವಳು ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿದಳು. ನಿನ್ನೆ ಸಂಜೆ ಅವಳು ಸ್ನಾನಕ್ಕೆ ಹೋಗಿದ್ದಾಗ ಕಳಿಸಿದ್ದ ಮೆಸೇಜು, ಸಮಿಯ ಶಾಲೆಯ ಇಂಗ್ಲಿಷಿನಲ್ಲಿ.

'ನನ್ನ ಅಜ್ಜಿಗೆ ಮಂಡಿನೋವು. ಲಿಫ್ಟ್ ಇದೆಯಾ? ಅಮ್ಮ ದಿನಾ ನಿಮ್ಮ ಮನೆ ನೋಡಿ ಜಾಸ್ತಿಯಾಯ್ತು ಅಂತಾಳೆ. ಐವತ್ತು ಯೂರೋ ಕಡಿಮೆ ಮಾಡಿದರೆ ಬರುತ್ತೇವೆ. ಅಜ್ಜಿ ಆಗಲೇ ಮನೆಯಿಂದ ಹೊರಟುಹೋಗಿದ್ದಾರೆ. ನಮಗಿಂತ ಮೊದಲು ಬಂದರೆ ಬಾಗಿಲು ತೆಗೆಯಿರಿ. ಕುಳ್ಳಗಿದ್ದಾರೆ. ಹಸಿರು ಸೀರೆ ಉಟ್ಟಿರಬಹುದು. ಅವರಿಗೆ ಕನ್ನಡ ಮಾತ್ರ ಬರುತ್ತದೆ, ಆದರೆ ನೀವು ನಕ್ಕರೆ ಅವರೂ ನಗುತ್ತಾರೆ.'

ರಾಜಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ, ಮೇ ತಿಂಗಳಲ್ಲಿ, ಆರನೆಯ ದಿನ. ಭಾರತದಿಂದ ಇಲ್ಲಿಗೆ ವಿಮಾನಗಳನ್ನು ನಿಲ್ಲಿಸಿದ್ದ ದಿನಗಳು ಅವು. ಹೋದರೆ ವಾಪಸು ಬರುವುದು ಯಾವಾಗ ಎಂದು ಹೇಳುವವರಿರಲಿಲ್ಲ. ಶ್ರೀಕರ ಹೋಗಲಿಲ್ಲ. ತಮ್ಮ ಪ್ರಕಾಶ ಒಬ್ಬನೇ ಎಲ್ಲ ಮಾಡಿದ. ಸಮಿಗೆ ಅಜ್ಜಿಯ ಫೋನು ಕೆಟ್ಟಿದೆ ಎಂದು ಹೇಳಿದ್ದರು. "ಆ ಗಡಿಯಾರ ಒಂದ್ ತೋರಿಸ್ಕೊಂಡ್ ಬರೋಣ. ಆಮೇಲೆ ನಾನೇ ಹೇಳ್ತೀನಿ" ಎಂದಿದ್ದ ಶ್ರೀಕರ. ಅವರಿದ್ದ ಬೆಸ್ಟ್‌ನಂಥ ಸಣ್ಣ ಡಚ್ ಊರಿನಲ್ಲಿ ಈ ಸುದ್ದಿಯನ್ನು ಮಗುವಿನ ಕಿವಿಗೆ ಹಾಕುವಂಥವರು ಬೇರೆ ಯಾರೂ ಇರಲಿಲ್ಲ.

"ಸಮಿ, ಅಜ್ಜಿ ಹೊರಟಿದಾರೆ ಅಂತ ನಿಂಗ್ಯಾರಮ್ಮ ಹೇಳಿದ್ದು?"

"ಅಪ್ಪ."

"ಅಪ್ಪ ಹೇಳಿದ್ರಾ?"

"ನಂಗಲ್ಲ, ಪ್ರಕಾಶ್ ಚಿಕ್ಕಪ್ಪಂಗೆ, ಫೋನಲ್ಲಿ. ನಾನು ಮೆಟ್ಲ ಮೇಲೆ ಹಾಲು ಕುಡೀತಿದ್ದೆ. 'ಹೋಗ್ಬಿಟ್ರಾ? ಅಮ್ಮ ಹೋಗ್ಬಿಟ್ರಾ?' ಅಂದ್ರು. ನೀನೂ ಎಲ್ರಿಗೂ ಫೋನ್ ಮಾಡಿ ಅದನ್ನೇ ಹೇಳಿದ್ಯಲ್ಲ. ಹೋಗ್ಬಿಟ್ರು, ಹೋಗ್ಬಿಟ್ರು ಅಂತ." ಸಮಿ ಸ್ವಲ್ಪ ಹೆಮ್ಮೆಯಿಂದಲೇ ನಕ್ಕಳು. "ಸರ್‌ಪ್ರೈಸ್ ಅಲ್ವಾ? ನಂಗೆ ಗೊತ್ತಾಗೋಯ್ತು. ನೀನು ಎರಡು ಹಾಕ್ದಾಗೆಲ್ಲ ನಾನೇ ಮೂರು ಮಾಡ್ತಿದ್ದೆ, ಇಲ್ಲಾಂದ್ರೆ ಅಜ್ಜಿಗೆ ಮಲಗಕ್ಕೆ ಜಾಗ ಇರಲ್ಲ. ಹುಚ್ಚಮ್ಮ ನೀನು!"

ಮೈಥಿಲಿ "ಬ್ರೆಡ್ ತಿಂತಾ ಇರು, ಬಂದೆ" ಎಂದು ಟ್ಯಾಬ್ ಹಿಡಿದು ಎರಡು ಕಡಿದಾದ ಮೆಟ್ಟಿಲು ಸಾಲು ಹತ್ತಿ ಅಟ್ಟದ ಕೋಣೆಗೆ ಹೋದಳು. ಶ್ರೀಕರ ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಪೈಜಾಮ ತೊಟ್ಟು ಮೀಟಿಂಗಿನಲ್ಲಿದ್ದ. ಅವಳ ಮುಖ ನೋಡಿ ಮೈಕ್ ಆಫ್ ಮಾಡಿದ. ಅವಳು ಟ್ಯಾಬನ್ನು ಕೀಬೋರ್ಡಿನ ಮೇಲಿಟ್ಟಳು.

ಓದಿದ. ಇನ್ನೊಮ್ಮೆ ಓದಿದ.

"ಹಸಿರು ಸೀರೆ" ಎಂದ. "ವೀಸಾ ಇಂಟರ್‌ವ್ಯೂಗೆ ಉಟ್ಕೊಂಡ್ ಹೋಗಿದ್ದು."

"ಈಗ ಏನ್ಮಾಡೋಣ ಶ್ರೀ?"

"ಬುಕ್ ಮಾಡು. ಇದಕ್ಕಿಂತ ಕಮ್ಮಿಗೆ ಸಿಗಲ್ಲ."

"ಅಜ್ಜಿಗೋಸ್ಕರ ಕಮ್ಮಿ ಮಾಡಿದಾಳೆ ಕಣೋ ಆಕೆ. ಹಾಸಿಗೆ ಹಾಸಿ ಕಾಯ್ತಿರ್ತಾಳೆ. ನಾವು ಮೂರೇ ಜನ ಹೋಗಿ ಬಾಗಿಲಲ್ಲಿ ನಿಂತ್ಕೊಂಡ್ರೆ ಏನ್ ಹೇಳೋದು? ಅವಳೆದುರಿಗೆ ಸಮಿಗೆ ಏನ್ ಹೇಳೋದು?"

"ಹಂಗಾದ್ರೆ ಬೇಡ ಅನ್ನು."

"ಬೇಡ ಅಂದ್ರೆ ಯಾಕೆ ಅಂತ ಕೇಳ್ತಾಳಲ್ಲ ಕೆಳಗ್ ಕೂತಿರೋಳು. ನೀನೇ ಬಾ. ನೀನೇ ಹೇಳ್ತೀನಿ ಅಂದಿದ್ದೆ."

ಲ್ಯಾಪ್‌ಟಾಪಿನಲ್ಲಿ ಯಾರೋ ಅವನ ಹೆಸರು ಕರೆದರು. ಅವನು ಅವಳನ್ನೇ ನೋಡುತ್ತ ಮೈಕ್ ಆನ್ ಮಾಡಿ, "ಯೆಸ್, ಐ ಆಮ್ ಹಿಯರ್" ಎಂದ. ಆಮೇಲೆ ಪರದೆಯ ಕಡೆ ತಿರುಗಿದ. ಅವನ ಕಿವಿಗಳು ಕೆಂಪಗಾಗಿದ್ದವು. ಮೈಥಿಲಿ ಸ್ವಲ್ಪ ಹೊತ್ತು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಆ ಬೆನ್ನು ಮಾತನಾಡುತ್ತಲೇ ಇತ್ತು, ಯಾವುದೋ ಡೆಲಿವರಿಯ ತಾರೀಖನ್ನು ಹೇಳುತ್ತಿತ್ತು. ಅವಳು ಟ್ಯಾಬ್ ತೆಗೆದುಕೊಂಡು ಇಳಿದು ಬಂದಳು.

ಬಲಗಡೆಯ ಜಡೆಯನ್ನು ಮೊದಲಿನಿಂದ ಹೆಣೆದಳು. ಎಂದಿಗಿಂತ ನಿಧಾನವಾಗಿ, ಒಂದೊಂದೇ ಕಾಲು. ಸಮಿ ಮಾತು ನಿಲ್ಲಿಸಿರಲಿಲ್ಲ.

"ಅಜ್ಜಿ ಕ್ವಾರಂಟೈನ್‌ನಲ್ಲಿ ಇದಾರಾ? ಅದಕ್ಕೇ ಇಷ್ಟು ದಿನಾನಾ?"

"ಆ ಕಡೆ ತಿರುಗು."

"ಎರಡು ತಿಂಗಳು ಕ್ವಾರಂಟೈನ್ ಇರತ್ತಾ? ನಮ್ ಯೂಫ್ ಹತ್ತು ದಿನ ಅಂದಿದ್ರು."

ಯೂಫ್ ಎಂದರೆ ಅವಳ ಶಾಲೆಯ ಟೀಚರು. ಯೂಫ್ ಹೇಳಿದ್ದು ತಪ್ಪಾಗಲು ಸಾಧ್ಯವಿರಲಿಲ್ಲ. ಮೈಥಿಲಿ ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು, ಮೂರು ಸುತ್ತು ಸಾಕಾಗುವಲ್ಲಿ ನಾಲ್ಕು ಸುತ್ತು. "ಸಂಜೆ ಮಾತಾಡೋಣ ಪುಟ್ಟಿ. ಅಪ್ಪನೂ ಇರ್ತಾರೆ."

"ಹತ್ತು ಗಂಟೆ ಒಳಗೆ ಹೇಳ್ಬೇಕಂತೆ ಅಲೆನಾಗೆ."

"ಹೂಂ."

ಎಂಟೂಕಾಲಾಗಿತ್ತು. ಸಮಿ ಬ್ಯಾಗು ಹಾಕಿಕೊಂಡು ಮುಂಬಾಗಿಲಿನ ಹೊರಗೆ ಒರಗಿಸಿದ್ದ ಸೈಕಲ್ಲನ್ನು ಎಳೆದುಕೊಂಡಳು. ಶಾಲೆ ಎರಡೇ ಬೀದಿ ಆಚೆ. ಈ ಹೊತ್ತಿಗೆ ಮೈಸೂರಿನಿಂದ ವೀಡಿಯೊ ಕಾಲ್ ಬರುತ್ತಿತ್ತು, ಮೊಮ್ಮಗಳು ಸೈಕಲ್ ಹತ್ತುವುದನ್ನು ನೋಡದೆ ರಾಜಮ್ಮ ಅಡುಗೆಗೆ ಏಳುತ್ತಿರಲಿಲ್ಲ.

"ಅಮ್ಮಾ, ಹೋಗ್ತೀನಿ."

"ಹಾಗನ್ಬಾರ್ದು" ಎಂದಳು ಮೈಥಿಲಿ. ಎರಡು ವರ್ಷ ದಿನವೂ ಫೋನಿನಿಂದ ಕೇಳಿಸುತ್ತಿದ್ದ ಮಾತು, ತಾನಾಗಿಯೇ ಬಾಯಿಗೆ ಬಂದಿತ್ತು. "ಹೋಗ್ತೀನಿ ಅಂತ ಹೋಗೋರು ವಾಪಸ್ ಬರಲ್ಲ. ಹೋಗ್ಬರ್ತೀನಿ ಅನ್ಬೇಕು."

"ಹೋಗ್ಬರ್ತೀನಿ" ಎಂದು ಸಮಿ ಪೆಡಲಿನ ಮೇಲೆ ಕಾಲಿಟ್ಟಳು.

ಆದರೆ ತುಳಿಯಲಿಲ್ಲ. ಕಾಲು ಕೆಳಗಿಳಿಸಿದಳು. ಎದುರುಮನೆಯ ಹುಡುಗರು ಬೆಲ್ ಬಾರಿಸುತ್ತ ಹಾದುಹೋದರು, ಅವಳು ಅತ್ತ ನೋಡಲಿಲ್ಲ. ಸೈಕಲ್ಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಾಗಿಲಿನ ಕಡೆಗೆ ತಿರುಗಿದಳು.

"ಅಮ್ಮಾ, ಅಜ್ಜಿ ಏನಂದ್ರು? ಹೋಗ್ಬರ್ತೀನಿ ಅಂದ್ರಾ, ಬರೀ ಹೋಗ್ತೀನಿ ಅಂದ್ರಾ?"