ಹೊರಗೆ ಚಾಚಿದ ಕಂಬಿ

ನನ್ನ ಸೋದರತ್ತೆಯ ಬಚ್ಚಲುಮನೆ ಹಳ್ಳದ ಪಾಲಾಗುವುದರಲ್ಲಿತ್ತು. ಹಿಂಬದಿಯ ದಡ ಕುಸಿದು ಕುಸಿದು, ಗೋಡೆಗೂ ನೀರಿಗೂ ನಡುವೆ ಒಬ್ಬರು ಮೈ ಓರೆ ಮಾಡಿ ನಡೆಯುವಷ್ಟು ಜಾಗ ಉಳಿದಿತ್ತು. ತಡೆಗೋಡೆ ಕಟ್ಟಬೇಕೆಂದರೆ ದಡ ಸವೆಯುತ್ತಿದೆ ಎಂದು ನಾನು ಕೆಲಸ ಮಾಡುವ ನೀರಾವರಿ ಕಚೇರಿ ಒಪ್ಪಬೇಕು. ಹಳ್ಳ ಅಳೆಯುವವಳು ನಾನೇ. "ಅಳೆಯೋಳು ನಮ್ಮಣ್ಣನ ಮಗಳು, ಇನ್ನೇನು ಚಿಂತೆ" ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅಳೆಯುವುದೇನೂ ಬ್ರಹ್ಮವಿದ್ಯೆಯಲ್ಲ. ದಡದ ಮೈಗೆ ಕಬ್ಬಿಣದ ಕಂಬಿಗಳನ್ನು ಪೂರ್ತಿ ಬಡಿದು ಕೂರಿಸುವುದು. ಮಣ್ಣು ಕೊಚ್ಚಿಹೋದಷ್ಟೂ ಕಂಬಿ ಹೊರಗೆ ಕಾಣುತ್ತದೆ. ಎಷ್ಟು ಕಂಡಿತೋ ಅಷ್ಟು ದಡ ಹೋಯಿತು. ನಾನು ಹೋದಾಗಲೆಲ್ಲ ಸೋಪಿನ ನೊರೆ, ಪ್ಲಾಸ್ಟಿಕ್ ಚೀಲ, ಚರಂಡಿ ನೀರು ಎಲ್ಲ ಕಂಡವು, ಕಂಬಿ ಮಾತ್ರ ಬೆರಳಿನಷ್ಟೂ ಹೊರಬಂದಿರಲಿಲ್ಲ. ನನ್ನ ಅಳತೆ ನೋಡಿ ಕಚೇರಿಯ ಸಾಹೇಬರು "ದಡ ಭದ್ರ" ಎಂದು ಬರೆದರು. ಅತ್ತೆ ನನ್ನ ಜೊತೆ ಮಾತು ಬಿಟ್ಟಳು.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ಹಿತ್ತಲಲ್ಲಿ ಟಕ್ ಟಕ್ ಸದ್ದು. ಅತ್ತೆಯ ಗಂಡ, ಬಡಗಿ ಮಾವ, ಹಳ್ಳಕ್ಕಿಳಿದು ನನ್ನ ಕಂಬಿಗೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದರು.

"ಮಾವ, ಏನ್ಮಾಡ್ತಿದ್ದೀರಿ?"

"ನಿಮ್ಮ ಕಚೇರಿಯೋರ ಕೆಲಸ ನೆಟ್ಟಗಿಲ್ಲ ಕಣಮ್ಮ. ಹೊಡೆದ ಕಂಬಿ ಮತ್ತೆ ಮತ್ತೆ ಹೊರಗೆ ಬರುತ್ತೆ. ನಿಂಗೆ ಕೆಟ್ಟ ಹೆಸರು ಬರಬಾರದಲ್ಲ, ಆಗಾಗ ನಾನೇ ಕೂರಿಸ್ತಿದ್ದೀನಿ."

ಮಾವ ಜೀವಮಾನದಲ್ಲಿ ಒಂದು ಮೊಳೆಯ ತಲೆಯನ್ನೂ ಹೊರಗೆ ಬಿಟ್ಟವರಲ್ಲ. ನಾನು ಹಣೆ ಚಚ್ಚಿಕೊಂಡು ವಿಷಯ ಬಿಡಿಸಿ ಹೇಳಿದೆ. ಅವರು ಕಲ್ಲಿನ ಮೇಲೆ ಕುಸಿದು ಕೂತರು.

"ಅಂದ್ರೆ ಅವಳ ಬಚ್ಚಲುಮನೆಗೆ ನಾನೇ ಕಲ್ಲು ಹಾಕ್ದೆನಾ?"

ನಗು ಬಂತು, ಅವರ ಮುಖ ನೋಡಿ ಪಾಪ ಅನ್ನಿಸಿತು. ಹೊಸ ಕಂಬಿ ಹೊಡೆದೆ. ಅತ್ತೆ ಸುತ್ತಿಗೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಮಳೆಗಾಲವಿಡೀ ಮಾವ ಹಿಂದಿನ ಕಿಟಕಿ ತೆರೆಯಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಕಂಬಿಗಳು ಗೇಣುದ್ದ ಹೊರಗಿದ್ದವು. ನೋಡಲು ಸಾಹೇಬರೇ ಬಂದರು. ನಮ್ಮೊಂದಿಗೆ ಹಳ್ಳಕ್ಕಿಳಿದು ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ದಿನ ಏನೂ ಇರಲಿಲ್ಲ, ಈಗ ಗೇಣುದ್ದ. ಯಾರೋ ಹಿಡಿದು ಎಳೆದಿದ್ದಾರೆ."

ಮಾವನ ಮುಖ ಕೆಂಪಾಯಿತು. "ಎಳೆಯೋದಾ? ಸಾರ್, ಹುಟ್ಟಿದಾಗಿಂದ ಬಡಿದೇ ಗೊತ್ತು ನಂಗೆ."

"ನಾನು ನಂಬಬೇಕಲ್ಲ. ಅಳತೆಯೇನೋ ತಗೋತೀನಿ, ಗೋಡೆ ಮಾತ್ರ ಕಷ್ಟ" ಎನ್ನುತ್ತ ಸಾಹೇಬರು ಚೀಲದಲ್ಲಿ ಟೇಪು ಹುಡುಕತೊಡಗಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು.

ಹುಟ್ಟುಗುಣ ಸುಟ್ಟರೂ ಹೋಗದು. ಮಾವ ಅಷ್ಟು ಹೊತ್ತು ಆ ಕಂಬಿಗಳ ಎದುರಿಗೇ ನಿಂತಿದ್ದರಲ್ಲ, ತಡೆಯಲಾಗಲಿಲ್ಲ. ಹಳ್ಳದಿಂದ ಒಂದು ಕಲ್ಲೆತ್ತಿಕೊಂಡು ಹತ್ತಿರದ ಕಂಬಿಗೆ ಒಂದೇ ಏಟು ಕೊಟ್ಟರು. ಕಂಬಿಯ ಜೊತೆಗೆ ಗಾಡಿ ತುಂಬುವಷ್ಟು ಮಣ್ಣು ಧೊಪ್ಪನೆ ನೀರಿಗೆ ಬಿತ್ತು. ಸಾಹೇಬರ ಮೊಣಕಾಲತನಕ ಕೆಸರಾಯಿತು. ಮೇಲೆ ಬಚ್ಚಲುಮನೆಯ ಒಂದು ಮೂಲೆ ಬರೀ ಗಾಳಿಯ ಮೇಲೆ ನಿಂತಿತ್ತು.

ಸಾಹೇಬರು ಅದನ್ನೇ ನೋಡುತ್ತ ಟೇಪನ್ನು ಚೀಲಕ್ಕೆ ವಾಪಸು ಹಾಕಿದರು. "ಬರ್ಕೊಳ್ಳಮ್ಮ, ದಡ ಭದ್ರ ಇಲ್ಲ. ಈ ವಾರವೇ ಗೋಡೆ ಶುರು ಮಾಡಿಸ್ತೀನಿ."

ಮಾವ ಅತ್ತೆಯ ಮುಖ ನೋಡಲು ಧೈರ್ಯವಿಲ್ಲದೆ ಕಲ್ಲು ಹಿಡಿದೇ ನಿಂತಿದ್ದರು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, ನಗು ತಡೆಯಲಾರದೆ ಅವರ ಕೈಯಿಂದ ಕಲ್ಲು ಬಿಡಿಸಿದಳು.

"ಬನ್ನಿ. ಗೋಡೆ ಏಳೋ ತನಕ ಪಕ್ಕದ ಮನೇಲಿ ಸ್ನಾನ ಮಾಡೋಣ. ಅಲ್ಲಿ ಏನಾದ್ರೂ ಹೊರಗೆ ಚಾಚಿಕೊಂಡಿದ್ರೆ ಮಾತ್ರ ಕಣ್ಣು ಮುಚ್ಕೊಳ್ಳಿ."